ಎಲೋಫನ ಹಣೆ

ಕಾರ್ಲ್‌ಸ್ಟಾಡ್‌ನ ಮಹಾಬಲೇಶ್ವರನಿಗೆ ಬೇಸ್‌ಬಾಲ್ ಆಡಲು ಬರುವುದಿಲ್ಲ. ನೋಡಲೂ ಬರುವುದಿಲ್ಲ ಎಂದರೆ ತಪ್ಪಾಗದು. ಒಮ್ಮೆ ಅಮೆರಿಕದ ಪಂದ್ಯವೊಂದನ್ನು ಪೂರ್ತಿ ನೋಡಿಯೇ ಏಳುತ್ತೇನೆ ಎಂದು ಹಟ ಹಿಡಿದು ಟಿವಿ ಮುಂದೆ ಕೂತವನು, ಆಟ ಅರ್ಧಕ್ಕೆ ಬರುವ ಮೊದಲೇ ಸೋಫಾದ ಮೇಲೆ ಗೊರಕೆ ಹೊಡೆದ. ಆದರೆ ಎಲೋಫ್ ಬ್ರಾಟ್ ಎಂಬ ಬೇಸ್‌ಬಾಲ್ ಆಟಗಾರನ ಬಗ್ಗೆ ಅವನನ್ನು ಕೇಳಿ ನೋಡಿ! ಯಾವ ವರ್ಷ ಯಾವ ತಂಡದಲ್ಲಿದ್ದ, ಎಡಗೈಯಲ್ಲಿ ಚೆಂಡನ್ನು ಹೇಗೆ ಹಿಡಿಯುತ್ತಿದ್ದ, ಯಾವ ಬೇಸಿಗೆಯಲ್ಲಿ ಭುಜ ನೋಯಿಸಿಕೊಂಡು ಮೂಲೆಯಲ್ಲಿ ಕೂತ, ಎಲ್ಲವೂ ನಾಲಿಗೆಯ ತುದಿಯಲ್ಲೇ ಇದೆ. ಕೇಳಿದವರು ಯಾಕಾದರೂ ಕೇಳಿದೆವಪ್ಪಾ ಅಂದುಕೊಳ್ಳುವವರೆಗೆ ಹೇಳುತ್ತಾನೆ, ಆಮೇಲೂ ಸ್ವಲ್ಪ ಹೇಳುತ್ತಾನೆ.

ಮಹಾಬಲೇಶ್ವರ ಹೊನ್ನಾವರದವನು. ಕಾಗದ ತಯಾರಿಸುವ ಯಂತ್ರಗಳ ಎಂಜಿನಿಯರ್ ಆಗಿ ಇಪ್ಪತ್ತು ವರ್ಷಗಳ ಹಿಂದೆ ಸ್ವೀಡನ್ನಿಗೆ ಬಂದ. ಇಷ್ಟುದ್ದದ ಹೆಸರು ಆಫೀಸಿನವರ ಬಾಯಲ್ಲಿ ಹೊರಳದೆ ಮೊದಲ ವಾರದಲ್ಲೇ ‘ಮಹಾ’ ಆದ. ಹೆಂಡತಿ ಮೀರಾ ಬೆಂಗಳೂರಿನವಳು. ಇಲ್ಲಿನ ದಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಟೀಚರು. ಮಕ್ಕಳಿಂದಲೇ ಸ್ವೀಡಿಷ್ ಕಲಿತವಳಾದ್ದರಿಂದ ಅವಳ ಸ್ವೀಡಿಷ್‌ಗೆ ಸುತ್ತುಬಳಸು ಗೊತ್ತಿಲ್ಲ. ಒಬ್ಬಳೇ ಮಗಳು ಉಪ್ಸಾಲಾದಲ್ಲಿ ಓದುತ್ತಿದ್ದಾಳೆ. ಒಟ್ಟಿನಲ್ಲಿ ತಾವಾಯಿತು ತಮ್ಮ ಪಾಡಾಯಿತು ಎಂದು ಬದುಕುವ ಜನ.

ಹುಚ್ಚು ಹತ್ತಿದ್ದು ಬಂದ ವರ್ಷವೇ. ದೋಸೆಗೆ ಒಂದು ದಪ್ಪ ಕಬ್ಬಿಣದ ಕಾವಲಿ ಸಿಕ್ಕೀತೇನೋ ಎಂದು ಲೊಪ್ಪಿಸ್‌ಗೆ, ಅಂದರೆ ಜನ ಮನೆಯ ಹಳೇ ಸಾಮಾನು ತಂದು ಮಾರುವ ಸಂತೆಗೆ ಹೋಗಿದ್ದ. ಕಾವಲಿ ಸಿಗಲಿಲ್ಲ. ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಗುಂಡಿ, ಸೂಜಿ, ಹಳೇ ಸ್ಟಾಂಪುಗಳ ನಡುವೆ ಅಂಗೈಗಿಂತ ಚಿಕ್ಕದಾದ ಒಂದು ರಟ್ಟಿನ ಚಿತ್ರವಿತ್ತು. ಟೋಪಿ ಹಾಕಿದ ಮನುಷ್ಯ, ಕೈಯಲ್ಲಿ ಚೆಂಡು. ಹಿಂದುಗಡೆ ಇಂಗ್ಲಿಷಿನಲ್ಲಿ: ಎಲೋಫ್ ಬ್ರಾಟ್, ಹುಟ್ಟಿದ್ದು ಸ್ವೀಡನ್ನಿನ ವರ್ಮ್‌ಲಾಂಡ್‌ನಲ್ಲಿ. ವರ್ಮ್‌ಲಾಂಡ್ ಅಂದರೆ ಇದೇ ಸೀಮೆ, ಕಾರ್ಲ್‌ಸ್ಟಾಡ್‌ನ ಸುತ್ತಮುತ್ತ! ಊರಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇಲ್ಲದ ಆ ದಿನಗಳಲ್ಲಿ, ಇಲ್ಲಿಂದ ಎದ್ದು ದೂರದೇಶಕ್ಕೆ ಹೋದವನೊಬ್ಬ ಕೈಗೆ ಸಿಕ್ಕಿದ್ದು ಅವನಿಗೆ ಯಾಕೋ ಸಮಾಧಾನ ಕೊಟ್ಟಿತು. ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಂದ.

ಎಲೋಫ್ ಸಾಮಾನ್ಯದವನಲ್ಲ. ಏಳು ವರ್ಷದವನಿದ್ದಾಗ ಅಪ್ಪನ ಜೊತೆ ಅಮೆರಿಕಕ್ಕೆ ಹೋದವನು, ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ಅಲ್ಲಿ ಮನೆಮಾತಾದ. ಮೈದಾನದಲ್ಲಿ ತುಟಿ ಬಿಚ್ಚುತ್ತಿರಲಿಲ್ಲವಂತೆ, ಅದಕ್ಕೇ ‘ಮೌನಿ ಎಲೋಫ್’ ಎಂದು ಹೆಸರು. ಬಬಲ್‌ಗಮ್ ಪೊಟ್ಟಣದೊಳಗೆ ಬರುತ್ತಿದ್ದ ಅವನ ಚಿತ್ರದ ಕಾರ್ಡಿಗಾಗಿ ಅಲ್ಲಿನ ಮಕ್ಕಳು ದವಡೆ ನೋಯುವವರೆಗೆ ಗಮ್ ಜಗಿದವು. ವಲಸೆ ಹೋದವರು ಊರಿನ ನೆಂಟರಿಗೆ ಕ್ರಿಸ್‌ಮಸ್ ಪಾರ್ಸೆಲ್ ಕಳಿಸುವಾಗ, ನೋಡಿ ನಮ್ಮೂರ ಹುಡುಗ ಎಂದು ಇಂಥವನ್ನೂ ಸೇರಿಸಿ ಕಳಿಸಿದರು. ಹೀಗಾಗಿ ವರ್ಮ್‌ಲಾಂಡಿನ ಅಟ್ಟಗಳಲ್ಲಿ ಎಲೋಫನ ಕಾರ್ಡುಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಮಹಾಬಲೇಶ್ವರ ಶನಿವಾರ ಬಂತೆಂದರೆ ಸಂತೆ ಸಂತೆ ಅಲೆದು ಅವನ್ನೆಲ್ಲ ಕೂಡಿಸಿದ.

ಅವನ ಶಿಸ್ತು ನೋಡಬೇಕು. ಬಿಳಿ ಹತ್ತಿಯ ಕೈಗವಸು ಹಾಕದೆ ಕಾರ್ಡು ಮುಟ್ಟುವುದಿಲ್ಲ. ಭೂತಗನ್ನಡಿ ಹಿಡಿದು ನಾಲ್ಕು ಮೂಲೆ ಪರೀಕ್ಷಿಸುತ್ತಾನೆ. ಮೂಲೆ ಮೊಂಡಾಗಿದೆಯೋ, ಅಂಚು ಬಿಳಿಚಿದೆಯೋ, ಮಧ್ಯೆ ಮಡಿಕೆ ಬಿದ್ದಿದೆಯೋ, ಅದೇ ಧ್ಯಾನ.

“ಬೆಂಕಿಪೊಟ್ಟಣದ ಚಿತ್ರ ಕೂಡಿಸೋ ವಯಸ್ಸೇನ್ರೀ ನಿಮ್ದು?” ಎಂದು ಮೀರಾ ರೇಗಿಸುತ್ತಾಳೆ. “ಆಟ ಗೊತ್ತಿಲ್ಲ, ಗೀಟ ಗೊತ್ತಿಲ್ಲ. ನನ್ನ ಮುಖಾನ ಒಂದಿನ ಹೀಗೆ ಭೂತಗನ್ನಡಿ ಹಾಕ್ಕೊಂಡು ನೋಡಿದ್ರೆ ಕೇಳಿ.”

“ನಿನ್ನ ಮೂಲೆಗಳೆಲ್ಲ ಚೆನ್ನಾಗೇ ಇವೆ ಬಿಡು,” ಎನ್ನುತ್ತಾನೆ ಅವನು, ತಲೆ ಎತ್ತದೆ.

ಎಲ್ಲ ಸಿಕ್ಕಿತ್ತು, ಒಂದು ಬಿಟ್ಟು. ಬೇರೆಲ್ಲ ಕಾರ್ಡುಗಳಲ್ಲಿ ಎಲೋಫ್ ಟೋಪಿ ಹಾಕಿರುತ್ತಾನೆ. ಆ ಒಂದರಲ್ಲಿ ಮಾತ್ರ ಟೋಪಿ ಕೈಯಲ್ಲಿದೆ, ಬರಿದಲೆ. ಅಚ್ಚಾದದ್ದೇ ಕಡಿಮೆ. ಅಂಥದ್ದೊಂದು ಇದ್ದದ್ದು ಫ್ರೀಕೆನ್ ಸರೋವರದ ಪಕ್ಕದ ಹಳ್ಳಿಯಲ್ಲಿ, ಸಿಗ್ನೆ ಎಂಬ ಮುದುಕಿಯ ಅಡುಗೆಮನೆಯ ಕಪಾಟಿನಲ್ಲಿ. ಎಂಬತ್ತೆಂಟು ವಯಸ್ಸಿನ ಸಿಗ್ನೆ ಎಲೋಫನ ತಂಗಿಯ ಮಗಳು. ಒಂಟಿ ಜೀವ. ಹೋದಾಗಲೆಲ್ಲ ಕಾಫಿ ಕೊಟ್ಟು, ಕಾರ್ಡನ್ನು ಮೇಜಿನ ಮೇಲಿಟ್ಟು, ನೋಡಿಯಾದ ಮೇಲೆ ಎತ್ತಿಡುತ್ತಿದ್ದಳು. ಕಾರ್ಡು ಆ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಮಹಾಬಲೇಶ್ವರ ವರ್ಷಗಟ್ಟಲೆ ಅವಳ ಅಂಗಳದ ಹಿಮ ತೆಗೆದ, ಬಲ್ಬು ಬದಲಾಯಿಸಿದ, ಮೀರಾ ಕರಿದ ಚಕ್ಕುಲಿ ತಲುಪಿಸಿದ. ಸುಳ್ಳೇಕೆ, ಅದರಲ್ಲಿ ಅರ್ಧ ಅಜ್ಜಿಯ ಮೇಲಿನ ಪ್ರೀತಿ, ಇನ್ನರ್ಧ ಕಾರ್ಡಿನ ಮೇಲಿನ ಆಸೆ. ಆದರೆ ಕೊಡು ಎಂದು ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ಆ ಮರ್ಯಾದೆ ಅವನಲ್ಲಿತ್ತು.

ಕಳೆದ ವರ್ಷ ಊರಿನ ಗ್ರಂಥಾಲಯದವರು, ವರ್ಮ್‌ಲಾಂಡಿನ ಎಲೋಫನ ಕಾರ್ಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸೋಣವೇ ಎಂದರು. ಮಹಾಬಲೇಶ್ವರ ಆಕಾಶಕ್ಕೆ ಮೂರೇ ಗೇಣು ಎಂಬಂತೆ ಓಡಾಡಿದ. ಸುದ್ದಿ ಹೇಳಲು ಹೋದಾಗ ಸಿಗ್ನೆ ಕಪಾಟು ತೆರೆದು, ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಮುಂದಿಟ್ಟಳು.

“ತೆಗೆದುಕೊಂಡು ಹೋಗು. ಮುಗಿದ ಮೇಲೆ ತಂದುಕೊಡು. ಈಗ ಹೇಗಿದೆಯೋ ಹಾಗೇ.”

“ಹಾಗೇ ತರುತ್ತೇನೆ,” ಎಂದು ಮಾತು ಕೊಟ್ಟ. ಹಿಂದಿನಿಂದ ಲಾರಿಯವರು ದೀಪ ಮಿನುಗಿಸಿ ಬೈದರೂ ಲೆಕ್ಕಿಸದೆ, ಬಸುರಿಯನ್ನು ಕರೆದೊಯ್ಯುವಷ್ಟು ಮೆಲ್ಲಗೆ ಕಾರು ಓಡಿಸಿಕೊಂಡು ಮನೆಗೆ ಬಂದ.

ಕಾರ್ಡಿಡಲು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಅವನು ತರಿಸಲು ಹೇಳಿದ್ದ, ಅದಿನ್ನೂ ಅಂಚೆಯಲ್ಲಿತ್ತು. ಅಲ್ಲಿಯತನಕ ಎಲ್ಲಿಡುವುದು? ಯೋಚಿಸಬೇಕಾಗಲಿಲ್ಲ, ಕೈ ತಾನೇ ಹೋಯಿತು. ಆ ಮನೆಯಲ್ಲಿ ಬೆಲೆಯುಳ್ಳದ್ದು ಏನು ಬಂದರೂ ಮೊದಲು ದೇವರ ಮುಂದೆ. ಸ್ವೀಡನ್ನಿನ ಪರ್ಸೂನ್‌ನುಮ್ಮರ್, ಅಂದರೆ ಗುರುತಿನ ಸಂಖ್ಯೆ ಬಂದ ಕಾಗದ, ಮಗಳ ಮಾರ್ಕ್ಸ್‌ಕಾರ್ಡು, ಕಾರಿನ ಕೀಲಿ, ಎಲ್ಲವೂ ನಡುಮನೆಯ ಗೋಡೆಯ ಆ ಪುಟ್ಟ ಶೆಲ್ಫಿನ ದೇವರೆದುರು ಒಂದು ರಾತ್ರಿಯಾದರೂ ಇದ್ದು ಬಂದಂಥವು. ಮಹಾಬಲೇಶ್ವರ ಒಂದು ರೇಷ್ಮೆ ತುಂಡು ಹಾಸಿ, ಕೈಗವಸು ಹಾಕಿಕೊಂಡೇ ಎಲೋಫನನ್ನು ಗಣಪತಿಯ ಬಲಕ್ಕೆ ಮಲಗಿಸಿದ. ನೋಡಿಕೊಳ್ಳಪ್ಪಾ ಎಂದು ಕೈಯನ್ನೂ ಮುಗಿದ.

ಎರಡು ದಿನ ಬಿಟ್ಟರೆ ಆಯುಧಪೂಜೆ. ಅಂದು ಅವನಿಗೆ ಯಂತ್ರವೊಂದರ ಪರೀಕ್ಷೆ, ಬೆಳಗಾಗುವ ಮೊದಲೇ ಹೊರಟಿದ್ದ. ಮೀರಾ ದಗಿಸ್‌ನಿಂದ ಮಧ್ಯಾಹ್ನವೇ ಬಂದು ಪೂಜೆ ಮುಗಿಸಿದ್ದಳು. ಸಂಜೆ ಅವನು ಬಾಗಿಲು ತೆಗೆದಾಗ ಊದುಬತ್ತಿಯ ಪರಿಮಳ. ಹೊಗೆಯ ಅಲಾರಂ ಕೂಗದಿರಲೆಂದು ಅದರ ಬಾಯಿಗೆ ಶವರ್ ಕ್ಯಾಪು ಕಟ್ಟಿತ್ತು. ಹಿಮದ ಸಲಿಕೆಗೆ ಅರಿಶಿನ ಕುಂಕುಮ, ಮಿಕ್ಸಿಗೆ ಅರಿಶಿನ ಕುಂಕುಮ, ವಾಷಿಂಗ್ ಮೆಷಿನ್ನಿಗೆ, ಸ್ಕೀಗಳಿಗೆ, ಹುಲ್ಲು ಕತ್ತರಿಸುತ್ತ ತಾನೇ ತಿರುಗುವ ಯಂತ್ರಕ್ಕೆ, ಎಲ್ಲದಕ್ಕೂ. ನಗುತ್ತ ನೋಡಿಕೊಂಡು ಬಂದವನು ದೇವರ ಶೆಲ್ಫಿನ ಮುಂದೆ ಥಟ್ಟನೆ ನಿಂತ.

ಎಲೋಫನ ಬರಿದಲೆಯ ಕೆಳಗೆ, ಹಣೆಯ ನಟ್ಟನಡುವೆ, ಕೆಂಪಗೆ ದುಂಡಗೆ ಕುಂಕುಮ. ಕೆಳಗೊಂದು ಹಳದಿ ಗೆರೆ. ಎದೆಯ ಮೇಲೆ ಸೇವಂತಿಗೆಯ ಎಸಳು.

“ಮೀರಾ!”

ಅವಳು ಕೋಸಂಬರಿಯ ಬಟ್ಟಲು ಹಿಡಿದು ಬಂದಳು. ಮುಖದಲ್ಲಿ ಸಂಭ್ರಮವಿತ್ತು. “ನೋಡಿದ್ರಾ? ಇಷ್ಟು ವರ್ಷ ನಿಮ್ಮ ಹುಚ್ಚನ್ನ ಆಡ್ಕೊಂಡೇ ಬಂದೆ. ಕಾರಿಗಿಡ್ತೀವಿ, ಮಿಕ್ಸಿಗಿಡ್ತೀವಿ, ನಿಮ್ಮ ಆಯುಧ ಅಂದ್ರೆ ಅದೇ ತಾನೇ? ಅದಕ್ಕೂ ಒಂದು ಹೂವಿಟ್ರೆ ನನ್ನ ಗಂಟೇನು ಹೋಗುತ್ತೆ ಅನ್ನಿಸ್ತು. ಪಾಪ, ಹಣೆ ಬೇರೆ ಖಾಲಿ ಕಾಣ್ತಿತ್ತು.”

ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಅವನ ಕಾರ್ಡಿಗೆ ಮರ್ಯಾದೆ ಕೊಟ್ಟದ್ದು ಇದೇ ಮೊದಲು, ಆ ಮರ್ಯಾದೆಯೇ ಅದನ್ನು ಕೆಡಿಸಿತ್ತು. ಏನಂತ ಬೈಯುವುದು? ಅವನ ಮುಖ ಬಿಳಿಚಿದ್ದು ನೋಡಿ ಅವಳ ಕೈಯ ಬಟ್ಟಲು ಇಳಿಯಿತು.

“ಏನಾಯ್ತ್ರೀ? ಒರೆಸಿದ್ರೆ ಹೋಗಲ್ವಾ?”

“ಹೋಗಲ್ಲ,” ಎಂದ. ಕಾಗದದ ಕಸುಬಿನ ಮನುಷ್ಯ, ಅವನಿಗೆ ಗೊತ್ತು. ನುಣುಪು ಲೇಪವಿಲ್ಲದ ಹಳೇ ರಟ್ಟು. ನೀರಲ್ಲಿ ಕಲಸಿ ಇಟ್ಟ ಬಣ್ಣವನ್ನು ನಾರುನಾರೂ ಕುಡಿದುಬಿಟ್ಟಿರುತ್ತದೆ. ಒರೆಸಿದರೆ ಮುಖವೇ ಎದ್ದು ಬರುತ್ತದೆ. “ಅದು ನಮ್ದಲ್ಲ ಮೀರಾ. ಸಿಗ್ನೆಯದು. ಹೇಗಿತ್ತೋ ಹಾಗೇ ತಂದ್ಕೊಡ್ತೀನಿ ಅಂದಿದ್ದೆ.”

ಮೀರಾ ಸೋಫಾದ ತುದಿಯಲ್ಲಿ ಕುಸಿದಳು. ಕಣ್ಣಲ್ಲಿ ನೀರು ತುಂಬಿತು. “ನಿಮ್ಮದೇ ಅಂದ್ಕೊಂಡೆ ಕಣ್ರೀ. ದೇವರ ಮುಂದೆ ಇಟ್ಟಿದ್ರಲ್ಲ.”

ಹೌದು, ಇಟ್ಟವನು ಅವನೇ. ಇದು ಸಿಗ್ನೆಯದು ಎಂದು ಅವಳಿಗೆ ಹೇಳದೆ ಇದ್ದವನೂ ಅವನೇ. ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳಲು ಮನಸ್ಸು ಬರಲಿಲ್ಲ. ಆ ದಿನ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ರಾಜಧಾನಿಯ ಐಟಿ ಬಡಾವಣೆ ಕಿಸ್ಟಾದಲ್ಲಿರುವ ಗೆಳೆಯ ಸುಹಾಸನಿಗೆ ಫೋನು ಮಾಡಿದ. ಸುಹಾಸ ಐಟಿಯವನು, ಅವನ ಹತ್ತಿರ ಎಲ್ಲದಕ್ಕೂ ಪರಿಹಾರವಿದೆ.

“ಸಿಂಪಲ್ ಗುರೂ. ನಿನ್ನ ಹತ್ರ ಮೊದ್ಲೇ ತೆಗೆದ ಫೋಟೋ ಇರುತ್ತಲ್ಲ? ಒಳ್ಳೇ ಪ್ರಿಂಟ್ ಹಾಕ್ಸು, ಹಳೇ ಪೇಪರ್ ತರ ಮಾಡ್ಸು, ಫ್ರೇಮ್ ಹಾಕಿ ಕೊಟ್ಬಿಡು. ಅಜ್ಜಿಗೆ ಎಂಬತ್ತೆಂಟು ಅಂತೀಯ, ಏನ್ ಕಾಣ್ಸುತ್ತೆ? ಅಸಲಿ ಕಾರ್ಡ್ ನಿನ್ನ ಹತ್ರಾನೇ ಉಳಿಯುತ್ತೆ, ಬೋನಸ್!”

ಮಹಾಬಲೇಶ್ವರ ಫೋನಿಟ್ಟು ಬಹಳ ಹೊತ್ತು ಕೂತ. ಮಾಡಬಹುದಿತ್ತು. ಹಳೇ ಕಾಗದದಂಥ ಕಾಗದ ಮಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಳಿಗೆ ಯಾವ ಕಾಗದ, ಎಷ್ಟು ದಪ್ಪ ಎಂದು ಮನಸ್ಸು ಲೆಕ್ಕ ಹಾಕಿಯೂಬಿಟ್ಟಿತು. ತನ್ನ ಮೇಲೇ ಅಸಹ್ಯವಾಯಿತು. ಸಿಗ್ನೆಯ ಅಡುಗೆಮನೆಯಲ್ಲಿ ಕೂತು, ನಕಲಿ ಎಲೋಫನನ್ನು ಎದುರಿಗಿಟ್ಟುಕೊಂಡು ಕಾಫಿ ಕುಡಿಯುವುದು ತನ್ನಿಂದಾಗದು ಎಂದು ಖಂಡಿತ ಅನ್ನಿಸಿತು. ಎದ್ದು ಕಾರಿನ ಕೀಲಿ ತೆಗೆದುಕೊಂಡ.

“ನಾನೂ ಬರ್ತೀನಿ,” ಎಂದಳು ಮೀರಾ.

“ನೀನ್ಯಾಕೆ? ನಾನು ಹೇಳ್ತೀನಿ.”

“ಇಟ್ಟಿದ್ದು ನಾನು. ನೀವ್ಯಾಕೆ ಹೇಳ್ಬೇಕು?” ಕೋಟು ಹಾಕಿಕೊಂಡು ಅವನಿಗಿಂತ ಮೊದಲೇ ಕಾರಿನಲ್ಲಿ ಕೂತಳು.

ಸಿಗ್ನೆ ಬಾಗಿಲು ತೆರೆದು ಇಬ್ಬರನ್ನೂ ನೋಡಿ ಅಚ್ಚರಿಪಟ್ಟಳು. ಮೀರಾ ಆ ಮನೆಗೆ ಬಂದದ್ದು ಅದೇ ಮೊದಲು. ಮಹಾಬಲೇಶ್ವರ ಕಾರಿನಲ್ಲಿ ಉದ್ದಕ್ಕೂ ಒಳ್ಳೊಳ್ಳೆಯ ಸ್ವೀಡಿಷ್ ವಾಕ್ಯಗಳನ್ನು ಜೋಡಿಸಿಕೊಂಡಿದ್ದ, ದುರದೃಷ್ಟವಶಾತ್, ಅನಿರೀಕ್ಷಿತವಾಗಿ ಎಂದೆಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಮೀರಾ ಕರವಸ್ತ್ರ ಬಿಚ್ಚಿ ಕಾರ್ಡನ್ನು ಮೇಜಿನ ಮೇಲಿಟ್ಟು, ತನಗೆ ಬರುವ ದಗಿಸ್‌ನ ಸ್ವೀಡಿಷ್‌ನಲ್ಲಿ ಹೇಳಿದಳು:

“ಇದು ನಾನು ಮಾಡಿದ್ದು. ಬೆರಳಿನಿಂದ ಹಚ್ಚಿದೆ. ಅವನು ಮಾಡಲಿಲ್ಲ. ಅದು ಹೋಗುವುದಿಲ್ಲ. ನನಗೆ ತುಂಬ ದುಃಖವಾಗಿದೆ.”

ಸಿಗ್ನೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಕಾಫಿ ಇಡದಿದ್ದರೆ ಮುಗಿಯಿತು ಎಂದರ್ಥ. ಸಿಗ್ನೆ ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಮಹಾಬಲೇಶ್ವರನಿಗೆ ಕಾರ್ಡಿನ ಯೋಚನೆ ಬಿಟ್ಟುಹೋಗಿ, ಈ ಮನೆಯ ಬಾಗಿಲು ತನಗೆ ಇನ್ನು ಮುಚ್ಚಿತಲ್ಲ ಎಂದು ದುಃಖ ಒತ್ತರಿಸಿ ಬಂತು.

“ಯಾಕೆ ಹಚ್ಚಿದೆ?” ಸಿಗ್ನೆ ಕೇಳಿದ್ದು ಮೀರಾಳನ್ನು.

“ನಮ್ಮಲ್ಲಿ ವರ್ಷಕ್ಕೊಂದು ದಿನ, ನಮಗೆ ಬೇಕಾದ ವಸ್ತುಗಳಿಗೆಲ್ಲ ಹಚ್ಚುತ್ತೇವೆ. ಥ್ಯಾಂಕ್ಸ್ ಹೇಳುವ ಹಾಗೆ.”

“ಬೇರೆ ಯಾವುದಕ್ಕೆ ಹಚ್ಚಿದೆ?”

“ಮಿಕ್ಸಿಗೆ. ಹಿಮದ ಸಲಿಕೆಗೆ. ವಾಷಿಂಗ್ ಮೆಷಿನ್ನಿಗೆ.”

ಸಿಗ್ನೆಯ ತುಟಿಯ ಮೂಲೆ ಸ್ವಲ್ಪ ಅಲುಗಿತೋ ಇಲ್ಲವೋ ಹೇಳಲಾಗದು. “ಹಣೆಗೇ ಯಾಕೆ?”

ಮೀರಾ ಪದಗಳಿಗಾಗಿ ತಡಕಾಡಿದಳು. “ಅದು ಹಣೆಗೆ ಇಡುವುದೇ. ಮಕ್ಕಳು ದೂರ ಹೋಗುವಾಗ ಅಮ್ಮ ಇಡುತ್ತಾಳೆ. ನನ್ನಮ್ಮನೂ ಇಟ್ಟಳು, ನಾನು ಇಲ್ಲಿಗೆ ಬರುವಾಗ. ಸುಮ್ಮನೆ ಕಳಿಸುವುದಿಲ್ಲ, ಮುಟ್ಟಿ ಕಳಿಸುತ್ತಾಳೆ. ಇವನ ಹಣೆ ಖಾಲಿಯಿತ್ತು.”

ಸಿಗ್ನೆ ಕುರ್ಚಿ ಎಳೆದುಕೊಂಡು ಕೂತಳು. ಕಾರ್ಡು ಹಿಡಿದ ಕೈ ಮಡಿಲಿಗಿಳಿಯಿತು.

“ಅವನ ಅಮ್ಮನಿಗೆ ಅವನನ್ನು ಮುಟ್ಟಲು ಬಿಡಲಿಲ್ಲ,” ಎಂದಳು. “ಅವಳಿಗೆ ಆಗ ಕ್ಷಯರೋಗ. ಹುಡುಗನಿಗೆ ಅಂಟಿದರೆ ಅಮೆರಿಕದವರು ಹಡಗಿನಿಂದಲೇ ವಾಪಸು ಕಳಿಸುತ್ತಾರೆ ಎಂದು ದೂರವೇ ಇಟ್ಟಿದ್ದರು. ಹೊರಡುವ ದಿನ ಅವಳು ಕಿಟಕಿಯ ಗಾಜಿನ ಆಚೆಯಿಂದ ನೋಡಿದ್ದಷ್ಟೇ. ವಾಸಿಯಾದ ಮೇಲೆ ಪುಟ್ಟ ಮಗಳನ್ನು, ಅಂದರೆ ನನ್ನಮ್ಮನನ್ನು ಕರೆದುಕೊಂಡು ಹಿಂದೆಯೇ ಹೋಗುವುದೆಂದಿತ್ತು. ಅದೇ ಬೇಸಿಗೆ ಮೊದಲ ಮಹಾಯುದ್ಧ ಶುರುವಾಯಿತು. ಅಪ್ಪ ಅಲ್ಲೇ ಇನ್ನೊಂದು ಮದುವೆಯಾದ. ಹುಡುಗ ಮರಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ಪಕ್ಕದ ಮನೆಯವರ ಪಾರ್ಸೆಲ್ಲಿನಲ್ಲಿ ಈ ಕಾರ್ಡು ಬಂತು. ಅಜ್ಜಿ ದಿನಾ ಇದನ್ನು ತೆಗೆದು, ಹೆಬ್ಬೆರಳಿನಲ್ಲಿ ಹಣೆ ಸವರಿ ಇಡುತ್ತಿದ್ದಳು. ಮುಟ್ಟದೇ ಕಳಿಸಿಬಿಟ್ಟೆ ಎನ್ನುತ್ತಿದ್ದಳು. ನಾನು ಚಿಕ್ಕವಳು, ಇದೇ ಮೇಜಿನ ಪಕ್ಕ ನಿಂತು ನೋಡಿದ್ದೇನೆ.”

ಹಣೆಯ ಮೇಲೆ ಬಣ್ಣ ಸವೆದು ಮಾಸಲಾಗಿದ್ದ ಜಾಗ ಮಹಾಬಲೇಶ್ವರನಿಗೆ ಚೆನ್ನಾಗಿ ಗೊತ್ತಿತ್ತು. ಮೂಲೆಗಳು ಇಷ್ಟು ಚೆನ್ನಾಗಿದ್ದೂ ಮಧ್ಯೆ ಹೀಗೆ ಹಾಳಾಗಿದೆಯಲ್ಲ ಎಂದು ಬಂದಾಗಲೆಲ್ಲ ಒಳಗೊಳಗೇ ಹಳಹಳಿಸಿದ್ದ. ಈಗ ಆ ಜಾಗದ ಮೇಲೆಯೇ ಕುಂಕುಮ ಕೂತಿತ್ತು. ತಲೆ ತಗ್ಗಿಸಿದ.

“ಅವರ ಹೆಸರೇನು? ಎಲೋಫನ ಅಮ್ಮನದು?” ಕೊನೆಗೆ ಕೇಳಿದ.

ಮುದುಕಿ ಅವನನ್ನು ನೇರವಾಗಿ ನೋಡಿದಳು. “ಸಿಗ್ನೆ. ಅವಳ ಹೆಸರನ್ನೇ ನನಗಿಟ್ಟರು.”

ಮೀರಾ ಗಂಡನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ, “ಇಷ್ಟು ವರ್ಷ ಬಂದು ಹೋಗಿ ಮಾಡಿದ್ರಲ್ಲ, ಇದನ್ನ ಒಂದ್ಸಲಾನೂ ಕೇಳಿರ್ಲಿಲ್ವಾ?” ಎಂದಳು.

ಸಿಗ್ನೆ ಕಾರ್ಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, ಮಹಾಬಲೇಶ್ವರ ಚಾಚಿದ ಕೈಯನ್ನು ದಾಟಿಸಿ ಮೀರಾಳ ಕೈಗೆ ಕೊಟ್ಟಳು. “ನೀನು ತೆಗೆದುಕೊಂಡು ಹೋಗು. ಗಾಜಿನ ಪೆಟ್ಟಿಗೆಯಲ್ಲಿ ನೀನೇ ಇಡು. ಅವನು ಕೈಗವಸು ಹಾಕಿಕೊಂಡು ಮುಟ್ಟುತ್ತಾನೆ, ಆಸ್ಪತ್ರೆಯವರ ಹಾಗೆ.” ಆಮೇಲೆ ಎದ್ದು ಕಾಫಿಗೆ ನೀರಿಟ್ಟಳು. ಮಹಾಬಲೇಶ್ವರನಿಗೆ ಅವಮಾನವೂ ಆಯಿತು, ಅಷ್ಟೇ ಜೋರಾಗಿ ಅಳುವೂ ಬಂತು. ಅಳು ಬಂದದ್ದು ಯಾರಿಗೂ ಕಾಣದಿರಲೆಂದು ಕಿಟಕಿಯಾಚೆ ಸರೋವರ ನೋಡುತ್ತ ನಿಂತ.

ಪ್ರದರ್ಶನ ಅಕ್ಟೋಬರ್ ಕೊನೆಗೆ ಆರಂಭವಾಯಿತು. ಮಹಾಬಲೇಶ್ವರ ತಾನು ಬರೆದಿಟ್ಟ ವಿವರಣೆಯನ್ನು ಹರಿದು ಹಾಕಿ ಹೊಸದಾಗಿ ಬರೆದಿದ್ದ. ಎಷ್ಟು ಪಂದ್ಯ, ಎಷ್ಟು ಗೆಲುವು ಎಂಬುದೆಲ್ಲ ಕೆಳಗಿಳಿದು, ಮೊದಲ ಸಾಲಿನಲ್ಲಿ ‘ಸಿಗ್ನೆಯ ಮಗ’ ಎಂದಷ್ಟೇ ಇತ್ತು. ಬರಿದಲೆಯ ಎಲೋಫನನ್ನು ಮೀರಾ ಬರಿಗೈಯಲ್ಲೇ ನಡುವೆ ಇಟ್ಟಳು, ಮಹಾಬಲೇಶ್ವರ ಉಸಿರು ಬಿಗಿಹಿಡಿದು ನೋಡಿದ. ಹುಚ್ಚು ಅಷ್ಟು ಬೇಗ ಬಿಡುತ್ತದೆಯೇ? ಬಂದವರಿಗೆ ಎಡಗೈಯ ಹಿಡಿತದ ಬಗ್ಗೆ ಹೇಳುವುದನ್ನೂ ಅವನು ಬಿಡಲಿಲ್ಲ. ಸಿಗ್ನೆ ಗಾಲಿಕುರ್ಚಿಯಲ್ಲಿ ಬಂದು ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು.

ಸ್ಥಳೀಯ ಪತ್ರಿಕೆಯ ಹುಡುಗಿಯೊಬ್ಬಳು ಫೋಟೋ ತೆಗೆಯುತ್ತ ಬಂದು ಗಾಜಿನ ಮೇಲೆ ಬಗ್ಗಿದಳು. “ಹಣೆಯ ಮೇಲೆ ಇದೇನು ಕೆಂಪಗೆ? ಅಚ್ಚಿನ ತಪ್ಪೇ?” ಎಂದು ಕೇಳಿದಳು.

ಮಹಾಬಲೇಶ್ವರ ಮೀರಾಳ ಮುಖ ನೋಡಿದ. ಆಯುಧಪೂಜೆಯನ್ನು ಎಲ್ಲಿಂದ ಶುರುಮಾಡಿ ಹೇಳುವುದು ಎಂದು ಅವಳು ಯೋಚಿಸುತ್ತಿದ್ದಳು. ಅಷ್ಟರಲ್ಲಿ ಸಿಗ್ನೆಯೇ ತಲೆ ಎತ್ತಿದಳು.

“ತಪ್ಪಲ್ಲ,” ಎಂದಳು. “ಅವನ ಮನೆಯವರು ಇಟ್ಟದ್ದು.”